ಶ್ರೀಮತಿ ಚೌಡಮ್ಮ

"ಸಮೀ, ಒಂಚೂರು ನಿಲ್ಲೇ. ಚಪ್ಪಲಿ ಬಾರು ಕಿತ್ತೋಗಿದೆ."

ಸಮೀಕ್ಷಾ ನಿಲ್ಲಲಿಲ್ಲ. ಒಮ್ಮೆ ತಿರುಗಿ ನೋಡಿದಳು, ಮತ್ತೆ ಶಾಲೆಯ ದಾರಿಯಲ್ಲಿ ಮುಂದೆ ಹೋಗುತ್ತಿದ್ದ ಮಕ್ಕಳ ಗುಂಪು ಸೇರಿಕೊಂಡಳು. ಒಂದನೇ ಕ್ಲಾಸಿನಿಂದ ಈ ಐದನೇ ಕ್ಲಾಸಿನವರೆಗೆ ಇಬ್ಬರೂ ಒಂದೇ ಛತ್ರಿಯಲ್ಲಿ ನಡೆದವರು. ಇವತ್ತು ಏನಾಯಿತೋ ಧನ್ಯಶ್ರೀಗೆ ತಿಳಿಯಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಅವಳ ಪಕ್ಕಕ್ಕೆ ಬಂದಳು.

"ಎಂತ ಆಯ್ತು ನಿಂಗೆ?"

ಸಮೀಕ್ಷಾ ರಸ್ತೆ ನೋಡಿಕೊಂಡೇ ಹೇಳಿದಳು. "ನೀನು ಬೋರ್ಡಲ್ಲಿ ಬರ್ದಿದೀಯಲ್ಲ, ಶ್ರೀಮತಿ ಚೌಡಮ್ಮ, ಐದು ಸಾವಿರ ಅಂತ. ಆ ಹೆಸ್ರಿನವ್ರು ನಮ್ಮೂರಲ್ಲೇ ಇಲ್ವಂತೆ. ಅದು ತೀರ್ಥೇಶಣ್ಣನ ದುಡ್ಡಂತೆ. ಬಸ್ಸಿನ ಗಲಾಟೆ ತಣ್ಣಗಾಗ್ಲಿ ಅಂತ ಕೊಟ್ಟಿದ್ದಂತೆ. ನಿನ್ನಮ್ಮ ಸುಳ್ಳು ಹೆಸ್ರು ಹಾಕಿದ್ದಂತೆ."

ಅಷ್ಟರಲ್ಲಿ ಹಿಂದಿನಿಂದ ಹಾರ್ನ್ ಕೇಳಿಸಿತು. ಮಕ್ಕಳೆಲ್ಲ ರಸ್ತೆಯ ಅಂಚಿಗೆ ಸರಿದರು. ತೀರ್ಥೇಶಣ್ಣನ ಹಳದಿ ವ್ಯಾನು ಧೂಳೆಬ್ಬಿಸಿಕೊಂಡು ಹಾದುಹೋಯಿತು. ಒಳಗೆ ತಿಂಗಳಿಗೆ ಸಾವಿರದ ಇನ್ನೂರು ರೂಪಾಯಿ ಕೊಡುವ ಮನೆಗಳ ಮಕ್ಕಳು. ಮುಂದಿನ ಸೀಟಿನಲ್ಲಿ ಅವನ ತಾಯಿ ಜಲಜಮ್ಮ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು ಅವರೇ. ಎಂದಿನಂತೆ ಕಿಟಕಿಯಿಂದ ನಡೆಯುವ ಮಕ್ಕಳ ಕಡೆ ನೋಡುತ್ತಿದ್ದರು.

ಧೂಳು ಇಳಿಯುವ ಹೊತ್ತಿಗೆ ಸಮೀಕ್ಷಾ ಮತ್ತೆ ದೂರ ಹೋಗಿದ್ದಳು.

ನೇರಲಮಕ್ಕಿ ಎಂಬ ಆ ಊರಿನಲ್ಲಿ ಒಂದು ಚಂದದ ಬಸ್‌ಸ್ಟ್ಯಾಂಡ್ ಇದೆ. ಕಲ್ಲಿನ ಬೆಂಚಿದೆ, ಹೆಂಚಿನ ಚಾವಣಿಯಿದೆ, ಗೋಡೆಗೆ ಬಣ್ಣವೂ ಇದೆ. ಬಸ್ಸು ಮಾತ್ರ ಇಲ್ಲ. ಅದು ಕಟ್ಟಿದಂದಿನಿಂದ ಇಂದಿನವರೆಗೆ ಅಲ್ಲಿ ಬಂದು ನಿಂತದ್ದೆಂದರೆ ದನಗಳು ಮಾತ್ರ. ಶಾಲೆ ಹೊಸನಗರದ ರಸ್ತೆಯಲ್ಲಿ, ಐದು ಕಿಲೋಮೀಟರ್ ಆಚೆ. ಅದಕ್ಕೇ ಊರಿನವರು ಸೇರಿ 'ಶಾಲಾ ಬಸ್ ಹೋರಾಟ ವೇದಿಕೆ' ಎಂದು ಮಾಡಿಕೊಂಡಿದ್ದರು. ಅರ್ಜಿ ಬರೆಯುವುದು, ಡಿಪೋಗೆ ಅಲೆಯುವುದು, ಬೇಕಾದರೆ ಶಿವಮೊಗ್ಗದವರೆಗೂ ಹೋಗಿ ಕೇಳುವುದು ಅದರ ಕೆಲಸ.

ಅಲೆದಾಟಕ್ಕೆ ಹಣ ಬೇಕಲ್ಲ. ಊರವರೇ ಕೊಡುತ್ತಿದ್ದರು. ವ್ಯಾನು, ಜೀಪು ಓಡಿಸುವವರಿಂದ ಒಂದು ಪೈಸೆಯೂ ಬೇಡ ಎಂದು ಮೊದಲನೇ ಸಭೆಯಲ್ಲೇ ತೀರ್ಮಾನವಾಗಿತ್ತು. ಬಸ್ಸು ಬಂದರೆ ಅವರಿಗೇ ನಷ್ಟ, ಅವರ ದುಡ್ಡು ತಿಂದು ಬಸ್ಸು ಕೇಳುವುದು ಹೇಗೆ? ಐನೂರಕ್ಕಿಂತ ಹೆಚ್ಚು ಯಾರೇ ಕೊಟ್ಟರೂ ಅವರ ಹೆಸರು ಬಸ್‌ಸ್ಟ್ಯಾಂಡಿನ ಬೋರ್ಡಿನ ಮೇಲೆ ಬರಬೇಕು. ಖರ್ಚೂ ಅಲ್ಲೇ ಬರಬೇಕು. ದಾರಿಹೋಕನೂ ಓದುವಂತಿರಬೇಕು.

ವೇದಿಕೆಯ ಖಜಾಂಚಿ ಧನ್ಯಾಳ ಅಮ್ಮ ಕಾವ್ಯಾ. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದ ಅವಳ ಲೆಕ್ಕದ ಪುಸ್ತಕ ಅವಳ ಹೊಲಿಗೆಯಷ್ಟೇ ನೇರ. ಧನ್ಯಾಳ ಅಕ್ಷರ ದುಂಡಗೆ ಇದ್ದುದರಿಂದ ತಿಂಗಳಿಗೊಮ್ಮೆ ಬೋರ್ಡ್ ಬರೆಯುವ ಕೆಲಸ ಅವಳದು. ಹೆಸರಿಗೆ ನೀಲಿ ಚಾಕ್, ಮೊತ್ತಕ್ಕೆ ಬಿಳಿ ಚಾಕ್. ಅದು ಅವಳ ಜಂಬದ ವಿಷಯ.

ಈ ಸಲ ಬೋರ್ಡ್ ಓದಿ ಮೊದಲು ತಲೆ ಕೆರೆದುಕೊಂಡವರು ವೇದಿಕೆಯ ಅಧ್ಯಕ್ಷ ಹೂವಯ್ಯ. ಮೂವತ್ತು ವರ್ಷ ಈ ಸುತ್ತಿಗೆಲ್ಲ ಟಪಾಲು ಹಂಚಿದವರು. ಶ್ರೀಮತಿ ಚೌಡಮ್ಮ ಎಂಬ ಹೆಸರಿಗೆ ನೇರಲಮಕ್ಕಿಗೆ ಒಂದು ಕಾರ್ಡೂ ಬಂದದ್ದಿಲ್ಲವಲ್ಲ ಎಂದು ಅವರು ಗಟ್ಟಿಯಾಗಿ ಹೇಳಿದ್ದೇ ತಡ, ಮಾತು ಮನೆಯಿಂದ ಮನೆಗೆ ಹೋಗಿತ್ತು.

ಸಂಜೆ ಮನೆಗೆ ಬಂದವಳೇ ಧನ್ಯಾ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹೊಲಿಗೆ ಮೆಷಿನ್ನು ನಿಂತಿತು. ಅಮ್ಮ ಲೆಕ್ಕದ ಪುಸ್ತಕ ತೆಗೆದು ಮುಂದಿಟ್ಟಳು.

ಅಲ್ಲಿ 'ಚೌಡಮ್ಮ, ೫೦೦೦' ಎಂದಷ್ಟೇ ಇತ್ತು.

"ಶ್ರೀಮತಿ ಎಲ್ಲಿಂದ ಬಂತು?" ಅಮ್ಮ ಕೇಳಿದಳು.

ಧನ್ಯಾಳ ಮುಖ ಬಿಸಿಯಾಯಿತು. ಬೋರ್ಡಿನಲ್ಲಿ ಗಂಡಸರಿಗೆಲ್ಲ ಶ್ರೀ ಇತ್ತು, ಹೆಂಗಸರಿಗೆಲ್ಲ ಶ್ರೀಮತಿ ಇತ್ತು. ಒಬ್ಬರಿಗೆ ಮಾತ್ರ ಬರಿಯ ಹೆಸರಿದ್ದರೆ ಸಾಲು ಚಂದ ಕಾಣುವುದಿಲ್ಲವೆಂದು ಅವಳೇ ಸೇರಿಸಿದ್ದಳು.

ಅಮ್ಮನಿಗೆ ನಗು ಬಂತು, ಆದರೆ ಆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅದು ಯಾವ ಹೆಂಗಸಿನ ಹೆಸರೂ ಅಲ್ಲ, ಊರ ತಿರುವಿನಲ್ಲಿ ಮರದ ಬುಡದಲ್ಲಿರುವ ಚೌಡಿಯ ಹೆಸರು ಎಂದಳು. ಕಾಡು, ದಾರಿ, ದನಕರು, ಮಕ್ಕಳು ಎಲ್ಲವನ್ನೂ ಕಾಯುವ ದೇವರು ಅದು. ದೇವಸ್ಥಾನದಲ್ಲಿ ಅಮ್ಮನವರ ಹೆಸರಿಗೇ ಪೂಜೆ ಬರೆಸುವವರಿಲ್ಲವೇ? ಹಾಗೆಯೇ ಒಬ್ಬರು ಬಂದು, ನನ್ನ ಹೆಸರು ಬೇಡ, ರಸೀದಿಯನ್ನು ಚೌಡಮ್ಮನ ಹೆಸರಿಗೇ ಹರಿ ಎಂದಿದ್ದರು. ಅಮ್ಮ ಹಿಂದೆಮುಂದೆ ನೋಡದೆ ಹರಿದುಕೊಟ್ಟಿದ್ದಳು.

"ಯಾರಮ್ಮ ಅದು?"

"ಹೇಳಲ್ಲ ಅಂತ ಮಾತು ಕೊಟ್ಟಿದೀನಿ ಮಗಾ."

"ಹಂಗಾದ್ರೆ ಈಗ್ಲೇ ಓಡಿಹೋಗಿ ಆ ಶ್ರೀಮತಿ ಒರೆಸ್ಲಾ? ದೇವ್ರ ಹೆಸ್ರು ಅಂತ ಎಲ್ರಿಗೂ ಗೊತ್ತಾಗತ್ತೆ."

"ಬೇಡ. ಜನ ಕೇಳಿದ್ಮೇಲೆ ಒರೆಸಿದ್ರೆ ಮುಚ್ಚಿಟ್ಟ ಹಾಗಾಗತ್ತೆ. ಭಾನುವಾರ ಸಭೆ ಇದೆಯಲ್ಲ, ಎಲ್ರ ಎದುರಿಗೇ ಹೇಳ್ತೀನಿ. ತಪ್ಪು ನಿಂದಲ್ಲ, ನಂದು. ದೇವ್ರ ಹುಂಡಿಗೆ ಸರಿ ಇರೋದು ಎಲ್ರ ಲೆಕ್ಕಕ್ಕೆ ಸರಿ ಆಗಲ್ಲ ಅಂತ ನಂಗೆ ಆವಾಗ್ಲೇ ಹೊಳೀಬೇಕಿತ್ತು."

ಆಮೇಲೆ, ಪುಸ್ತಕವನ್ನು ಬೇರೆಯವರಿಗೆ ವಹಿಸಿಬಿಡುತ್ತೇನೆ ಎಂದು ಮೆಲ್ಲಗೆ ಸೇರಿಸಿದಳು. ಮೆಷಿನ್ನು ಮತ್ತೆ ಶುರುವಾಯಿತು. ಆ ದಿನ ಅಮ್ಮ ಹೊಲಿದ ಲಂಗದ ಅಂಚು ಮೊದಲ ಬಾರಿಗೆ ಸೊಟ್ಟಗಾಗಿದ್ದನ್ನು ಧನ್ಯಾ ನೋಡಿದಳು.

ಮರುದಿನ ಅವಳು ಒಬ್ಬಳೇ ನಡೆದಳು. ಶಾಲೆ ಮುಟ್ಟುವಾಗ ಪ್ರಾರ್ಥನೆಯೂ ಮುಗಿದಿತ್ತು, ಹಾಲು ಕೊಡುವುದೂ ಮುಗಿದಿತ್ತು. ಆದರೆ ನಡೆದು ಬರುವ ಮಕ್ಕಳಿಗೆಂದು ಜಲಜಮ್ಮ ಯಾವಾಗಲೂ ಒಂದಿಷ್ಟು ಹಾಲನ್ನು ಪಾತ್ರೆಯಲ್ಲಿ ಮುಚ್ಚಿಡುತ್ತಿದ್ದರು. ಅಡುಗೆಕೋಣೆಯ ಬಾಗಿಲಿಗೆ ಕರೆದು, ಲೋಟ ಕೈಗಿಟ್ಟರು.

"ಅಲ್ವೇ ಮಗಾ, ಚೌಡಿಗೆ ಶ್ರೀಮತಿ ಅಂತ ಬರ್ದಿದೀಯಂತಲ್ಲ. ಗಂಡ ಯಾರೇ ಅವ್ಳಿಗೆ?" ಎಂದು ನಕ್ಕರು.

ಧನ್ಯಾಳ ಕೈಯಲ್ಲಿ ಲೋಟ ಹಾಗೇ ಉಳಿಯಿತು.

ಊರಿಗೆ ಊರೇ ಶ್ರೀಮತಿ ಚೌಡಮ್ಮನೆಂಬ ಹೆಂಗಸನ್ನು ಹುಡುಕುತ್ತಿತ್ತು. ಅದು ಚೌಡಿ ಎಂದು ಗೊತ್ತಿದ್ದದ್ದು ಅಮ್ಮನಿಗೆ, ತನಗೆ, ಮತ್ತೆ ಹಣ ಕೊಟ್ಟವರಿಗೆ. ಅಮ್ಮ ಬೇರೆ ಯಾರಿಗೂ ಹೇಳಿರಲಿಲ್ಲ.

ತೀರ್ಥೇಶಣ್ಣನ ಮನೆಯಿಂದಲೇ ಬಂದ ಹಣ ಅದು. ಆದರೆ ತೀರ್ಥೇಶಣ್ಣನದಲ್ಲ.

ಅವಳು ಲೋಟ ಕೆಳಗಿಟ್ಟಳು. ಕಣ್ಣಲ್ಲಿ ನೀರು ಬಂತು. ಏನಾಯಿತೆಂದು ಜಲಜಮ್ಮ ಗಾಬರಿಯಿಂದ ಕೇಳಿದರು. ಬೋರ್ಡಿನ ಶ್ರೀಮತಿಯ ಸುದ್ದಿಯಷ್ಟೇ ಅವರಿಗೆ ಮುಟ್ಟಿತ್ತು, ದುಡ್ಡು ತೀರ್ಥೇಶನದೆಂದು ಊರಲ್ಲಿ ಆಡುವ ಮಾತು ಅವರ ಕಿವಿಗೆ ಬಿದ್ದೇ ಇರಲಿಲ್ಲ. ವ್ಯಾನಿನವನ ತಾಯಿಯ ಎದುರಿಗೆ ವ್ಯಾನಿನ ಮಾತು ಯಾರು ಎತ್ತುತ್ತಾರೆ? ಧನ್ಯಾ ಅಳುತ್ತಲೇ ಎಲ್ಲ ಹೇಳಿದಳು. ಭಾನುವಾರ ಅಮ್ಮ ಪುಸ್ತಕ ಬಿಟ್ಟುಕೊಡುತ್ತಾಳೆಂದೂ ಹೇಳಿದಳು. ಆ ಹಣ ನಿಮ್ಮದಾ ಎಂದು ಮಾತ್ರ ಕೇಳಲಿಲ್ಲ. ಕೊನೆಗೆ ಕಣ್ಣೊರೆಸಿಕೊಂಡು, "ನಾನು ಯಾರಿಗೂ ಹೇಳಲ್ಲ ಅಜ್ಜಿ" ಎಂದಳು.

ಜಲಜಮ್ಮ ಅವಳ ತಲೆ ಮೇಲೆ ಕೈಯಿಟ್ಟರು. ಕೈಯಲ್ಲಿ ಈರುಳ್ಳಿಯ ವಾಸನೆಯಿತ್ತು.

ಭಾನುವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡ್ ತುಂಬಿತು. ಎದುರುಗಡೆ ತನ್ನ ವ್ಯಾನಿಗೆ ಒರಗಿಕೊಂಡು ತೀರ್ಥೇಶನೂ ನಿಂತಿದ್ದ. ತನ್ನ ಹೆಸರು ಬಂದಮೇಲೆ ಕೇಳಿಸಿಕೊಳ್ಳಬೇಡವೇ?

ಸಮೀಕ್ಷಾಳ ಅಜ್ಜ ಉಮಾಪತಿ ಮೇಷ್ಟ್ರು ಎದ್ದು ನಿಂತರು. "ಕಾವ್ಯಾ, ನಿನ್ನ ಮೇಲೆ ನಮ್ಗೆ ಅನುಮಾನ ಇಲ್ಲ. ಪುಸ್ತಕಕ್ಕೆ ಒಂದು ಪ್ರಶ್ನೆ ಇದೆ, ಅಷ್ಟೆ. ಈ ಚೌಡಮ್ಮ ಯಾರು?"

ಅಮ್ಮ ಎದ್ದಳು. ಅದು ತಿರುವಿನ ಚೌಡಿ ಎಂದಳು. ಕೊಟ್ಟವರು ತಮ್ಮ ಹೆಸರು ಬೇಡ ಎಂದಿದ್ದರು, ತಾನು ಒಪ್ಪಿಕೊಂಡದ್ದು ತಪ್ಪು, ನಿಯಮ ಎಲ್ಲರಿಗೂ ಒಂದೇ ಎಂದಳು. ಕೊಟ್ಟ ಮಾತು ಮುರಿಯಲಾರೆ, ಆದ್ದರಿಂದ ಅವರ ಹಣ ಅವರಿಗೆ ಹಿಂತಿರುಗಿಸುತ್ತೇನೆ. ಇನ್ನು ಮುಂದೆ ಪುಸ್ತಕವನ್ನು ಬೇರೆ ಯಾರಾದರೂ ನೋಡಿಕೊಳ್ಳಲಿ. ಇಷ್ಟು ಹೇಳಿ ಪುಸ್ತಕವನ್ನು ಕಲ್ಲಿನ ಬೆಂಚಿನ ಮೇಲೆ ಹೂವಯ್ಯನವರ ಪಕ್ಕ ಇಟ್ಟಳು. ಧನ್ಯಾ ತುಟಿ ಕಚ್ಚಿಕೊಂಡಳು. ಹೇಳಬೇಕಾದ ಹೆಸರು ಅವಳ ಬಾಯಿಯವರೆಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

"ಪುಸ್ತಕ ಎತ್ಕೊ ಕಾವ್ಯಾ," ಎಂದಿತು ಹಿಂದಿನಿಂದ ಒಂದು ದನಿ.

ಜಲಜಮ್ಮ. ಮದುವೆಮನೆಗೆ ಉಡುವ ಸೀರೆ ಉಟ್ಟು ಬಂದಿದ್ದರು. ಸೆರಗಿನ ಗಂಟಿನಿಂದ ಮಡಚಿದ ಬ್ಯಾಂಕ್ ಪಾಸ್‌ಬುಕ್ ತೆಗೆದು ಉಮಾಪತಿ ಮೇಷ್ಟ್ರ ಕೈಗೆ ಕೊಟ್ಟರು.

"ನೋಡಿ ಮೇಷ್ಟ್ರೇ, ಅಕ್ಟೋಬರಲ್ಲಿ ಐದು ಸಾವಿರ ತೆಗ್ದಿದೀನಿ. ನಾನು ಸೌಟು ಹಿಡಿದು ದುಡಿದ ದುಡ್ಡು. ವ್ಯಾನಿಂದು ಒಂದು ರೂಪಾಯಿನೂ ಅದ್ರಲ್ಲಿಲ್ಲ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಪಾಸ್‌ಬುಕ್ಕನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟರು.

ರಸ್ತೆಯ ಆಚೆಯಿಂದ ತೀರ್ಥೇಶ ಬಂದ. ಸಿಟ್ಟಿಗಿಂತ ಹೆಚ್ಚಾಗಿ ನೋವು ಅವನ ಮುಖದಲ್ಲಿತ್ತು. "ನಂಗೊಂದು ಮಾತು ಹೇಳ್ಬೋದಿತ್ತಲ್ಲ ಅವ್ವಾ."

"ಹೇಳಿದ್ರೆ ಬೇಡ ಅಂತಿದ್ದೆ. ನೀನು ಬೇಡ ಅಂದ್ಮೇಲೆ ಕೊಡೋಕೆ ನಂಗೆ ಮನಸ್ಸು ಬರ್ತಿರ್ಲಿಲ್ಲ," ಎಂದರು ಜಲಜಮ್ಮ. "ದಿನಾ ಮುಂದಿನ ಸೀಟಲ್ಲಿ ಕೂತ್ಕೊಂಡು ಈ ಮಕ್ಕಳನ್ನ ದಾಟಿ ಹೋಗ್ತೀನಲ್ಲೋ. ಆಮೇಲೆ ಅವ್ಕೆ ತಣ್ಣಗಾದ ಹಾಲು ಕೊಡ್ತೀನಿ. ನಿನ್ನ ಮೇಲೆ ಸಿಟ್ಟಿಲ್ಲ ಮಗಾ, ನೀನೂ ಹೊಟ್ಟೆಪಾಡಿಗೆ ಓಡಿಸ್ತೀಯ. ನಂಗೆ ನೋಡೋಕಾಗ್ಲಿಲ್ಲ, ಅಷ್ಟೆ."

ತೀರ್ಥೇಶ ತಿರುಗಿ ರಸ್ತೆ ದಾಟಿದ. ಹೋಗಿ ವ್ಯಾನಿನಲ್ಲಿ ಕೂತ. ಸ್ಟಾರ್ಟ್ ಮಾಡುವ ಸದ್ದಿಗಾಗಿ ಎಲ್ಲರೂ ಕಾದರು, ಆದರೆ ಅವನು ಸ್ಟಾರ್ಟ್ ಮಾಡಲಿಲ್ಲ.

ಜಲಜಮ್ಮನ ಹೆಸರಿಗೆ ಹೊಸ ರಸೀದಿಯಾಯಿತು. ಹಳೆಯದನ್ನು ರದ್ದು ಮಾಡಿದ್ದೇಕೆಂದು ಅಮ್ಮ ಪುಸ್ತಕದಲ್ಲಿ ಬರೆದು ಸಹಿ ಹಾಕಿದಳು, ಹೂವಯ್ಯನವರೂ ಹಾಕಿದರು. ಪುಸ್ತಕವನ್ನು ಅವರು ಅಮ್ಮನ ಕೈಗೇ ವಾಪಸು ಕೊಟ್ಟರು. ಆಮೇಲೆ ಬೋರ್ಡ್ ತಿದ್ದಲು ಧನ್ಯಾಳನ್ನು ಕರೆದರು.

ಬೋರ್ಡ್ ಎತ್ತರದಲ್ಲಿತ್ತು. ಸಮೀಕ್ಷಾ ಯಾರೂ ಹೇಳದೆಯೇ ಒಂದು ಕುರ್ಚಿ ತಂದಿಟ್ಟು ಅದರ ಕಾಲು ಗಟ್ಟಿಯಾಗಿ ಹಿಡಿದುಕೊಂಡಳು.

"ಬಿಡ್ಬೇಡ ಮತ್ತೆ," ಎಂದಳು ಧನ್ಯಾ.

"ಬಿಡಲ್ಲ."

ಧನ್ಯಾ ಡಸ್ಟರ್ ಎತ್ತಿದಳು. ಇಡೀ ಸಾಲು ಒರೆಸಲು ಹೊರಟವಳು ಕೈ ತಡೆದಳು. 'ಚೌಡಮ್ಮ' ಎಂಬುದನ್ನಷ್ಟೇ ಒರೆಸಿದಳು. ಅಲ್ಲಿ ನೀಲಿ ಚಾಕಿನಿಂದ, ಎಂದಿಗಿಂತ ದುಂಡಗೆ, 'ಜಲಜಮ್ಮ' ಎಂದು ಬರೆದಳು.

ಇಳಿದು ನೋಡುವಾಗ ಜಲಜಮ್ಮ ಪಕ್ಕದಲ್ಲೇ ನಿಂತಿದ್ದರು. ಶಾಲೆಯಲ್ಲಿ ಮಕ್ಕಳಿಗೆ ಅವರು ಅಡುಗೆ ಅಜ್ಜಿ. ಊರವರಿಗೆ ತೀರ್ಥೇಶನ ಅವ್ವ. ಅವರು ಬೆರಳನ್ನು ಗಾಳಿಯಲ್ಲಿ ಒಂದೊಂದೇ ಅಕ್ಷರದ ಕಡೆ ಸರಿಸುತ್ತಾ ಓದಿದರು. ಜಲಜಮ್ಮ ಎಂಬುದನ್ನು ಬೇಗ ಓದಿದರು. ಅದರ ಹಿಂದಿನ 'ಶ್ರೀಮತಿ'ಯ ಹತ್ತಿರ ಬೆರಳು ನಿಂತಿತು.

"ಇದೂ ನಂಗೇನೇ?"

"ಹೂಂ ಅಜ್ಜಿ, ನಿಮ್ಗೇ."

ರಸ್ತೆಯಾಚೆ ವ್ಯಾನಿನ ಮುಂದಿನ ಬಾಗಿಲು ತೆರೆದಿತ್ತು. ತೀರ್ಥೇಶ ಒಳಗಿನಿಂದ ಕೈಚಾಚಿ ಅದನ್ನು ಹಿಡಿದುಕೊಂಡು ಕಾಯುತ್ತಿದ್ದ. ಜಲಜಮ್ಮ ಹೊರಡಲು ಅವಸರ ಮಾಡಲಿಲ್ಲ. ಮೊದಲಿನಿಂದ ಇನ್ನೊಮ್ಮೆ ಓದಲು ಶುರುಮಾಡಿದರು.

ಸಾಲು ಚಂದ ಕಾಣಲೆಂದು ಬರೆದ ಪದ ಅದು. ಧನ್ಯಾ ಚಾಕ್ ಹಿಡಿದುಕೊಂಡು, ಅವರು ಓದಿ ಮುಗಿಸುವವರೆಗೂ ಅಲ್ಲೇ ನಿಂತಳು.