ಹಡಗಿನ ಗಂಡ

ಪಲ್ಲವಿಯ ತಲೆಗೆ ಹತ್ತಿಯಷ್ಟು ಹಗುರವಾದ ಟೋಪಿ ತೊಡಿಸಿದ್ದರು. ಹೆಸರೊಂದು ಕಿವಿಗೆ ಬಿದ್ದಾಗ ಮೆದುಳಿನ ಯಾವ ಎಳೆ ಮಿಡಿಯಿತೆಂದು ಹಿಡಿದು, ಅದು ಎದುರಿನ ಗಾಜಿನ ದೀಪವನ್ನು ಬೆಳಗಿಸುತ್ತಿತ್ತು. ಹೆಚ್ಚು ಬೆಳಗಿದ ಎಳೆಗೆ ದಿನವೂ ತುಸು ವಿದ್ಯುತ್ತು ಸೋಕಿಸಿದರೆ ಮರೆವು ಹಿಂದೆ ಸರಿಯುತ್ತದೆ. ಆದರೆ ಎಪ್ಪತ್ತರ ಮೆದುಳು ತಾಳುವುದು ಒಂದೇ ಎಳೆಯ ಚಿಕಿತ್ಸೆಯನ್ನು.

"ಚೈತ್ರಾ" ಎಂದಳು ಡಾಕ್ಟರ್ ಇಬ್ಬನಿ. ದೀಪ ಮಿಣುಕಿತು.

"ನಿರಂಜನ." ಕೋಣೆಯೆಲ್ಲ ಬೆಳಕಾಯಿತು.

"ಬಂದ್ರಾ? ಹಡಗು ಬಂತಾ?" ಪಲ್ಲವಿ ಕೂದಲು ಸರಿಮಾಡಿಕೊಂಡಳು.

ಪಕ್ಕದಲ್ಲಿದ್ದ ಚೈತ್ರಾಳ ಹೊಟ್ಟೆ ಉರಿಯಿತು. ಅರ್ಧ ಆಯುಷ್ಯ ಒಂದೇ ತಟ್ಟೆಯಲ್ಲಿ ಉಂಡವಳು ತಾನು. ತನಗಾಗಿ ಇವಳು ಒಮ್ಮೆಯೂ ಹೀಗೆ ಕೂದಲು ತೀಡಿದ್ದಿಲ್ಲ. ಆ ನಿರಂಜನನೋ, ಹುಟ್ಟಿಯೇ ಇರಲಿಲ್ಲ! ಮೈಸೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಇಬ್ಬರೂ ಸೇರಿ ಕಟ್ಟಿದ ಕತೆ ಅವನು. ಅಜ್ಜಿ ಹೇಳುವ ರಾಜಕುಮಾರನ ಹಾಗೆ ಏಳು ಸಮುದ್ರದಾಚೆ ಇರುವ, ರಜೆಯೇ ಸಿಗದ ಹಡಗಿನ ಎಂಜಿನಿಯರ್. ಚೈತ್ರಾ ಆಗ ಪಲ್ಲವಿಯ ಸೋದರತ್ತೆ ಮಗಳಾದಳು. ಅವನಿಗೆ ಮೀಸೆ ಇಟ್ಟವಳೂ ಅವಳೇ.

"ಅವ್ರ ದನಿ ಎಲ್ಲಾದ್ರೂ ರೆಕಾರ್ಡ್ ಆಗಿದ್ರೆ ಕೊಡಿ ಆಂಟಿ. ಅದನ್ನ ಕೇಳಿಸ್ತಾ ನಾಳೆಯಿಂದ್ಲೇ ಶುರು ಮಾಡೋಣ," ಎಂದಳು ಇಬ್ಬನಿ.

"ಬೇಡ."

"ಯಾಕೆ? ಗಂಡನ ನೆನಪಾದ್ರೂ ಉಳೀಲಿ. ನೀವು ಕಸಿನ್ ಅಲ್ವಾ, ಬೇಜಾರ್ ಮಾಡ್ಕೋಬೇಡಿ."

"ಗಂಡನಂತೆ ಗಂಡ! ಅವ್ನು ಇರ್ಲೇ ಇಲ್ಲ ಕಣಮ್ಮ. ಬಾಡಿಗೆ ಮನೆಗೋಸ್ಕರ ನಾವೇ ಹುಟ್ಟಿಸಿದ್ವು."

ಇಬ್ಬನಿ ಕುರ್ಚಿಗೆ ಒರಗಿದಳು. ಬಾಯಿಬಿಟ್ಟು ಮತ್ತೆಮತ್ತೆ ಹೇಳಿದ್ದೇ ಮೆದುಳಿನಲ್ಲಿ ದಪ್ಪ ಎಳೆಯಾಗುತ್ತದೆ, ನಿಜವೋ ಸುಳ್ಳೋ ಟೋಪಿಗೆ ತಿಳಿಯದು ಎಂದಳು. ಓನರಿಗೆ, ಹಾಲಿನವನಿಗೆ, ಆಫೀಸಿನವರಿಗೆ ಪಲ್ಲವಿ ಹೇಳುತ್ತ ಬಂದದ್ದು ನಿರಂಜನನನ್ನು. ಚೈತ್ರಾ ತನಗೆ ಏನೆಂದು ಯಾರಿಗೂ ಹೇಳಿರಲಿಲ್ಲ.

"ಮುಚ್ಚಿಟ್ಕೊಂಡು ಬದುಕಿದವರ ಮೆದುಳನ್ನ ನಾವು ಅಳತೇನೇ ಮಾಡಿಲ್ಲ ಆಂಟಿ. ಇನ್ನೂ ಎಷ್ಟು ಜನರ ಸುಳ್ಳಿಗೆ ನೀರು ಹಾಕಿದೀವೋ."

ಚೈತ್ರಾ ಎದ್ದು ಪಲ್ಲವಿಯ ಎದುರು ಕುಳಿತಳು. ಯಾರ ಮುಂದೆಯೂ ಆಡದಿದ್ದ ಮಾತನ್ನು ಗಟ್ಟಿಯಾಗಿ ಆಡಿದಳು: "ಲೇ, ಯಾವ ಹಡಗೂ ಬರಲ್ಲ. ನೀನು ನನ್ನ ಹೆಂಡ್ತಿ ಕಣೆ."

ಪಲ್ಲವಿ ಬೆಚ್ಚಿ ಅವಳ ಬಾಯಿ ಮುಚ್ಚಿದಳು. "ಮೆಲ್ಲಗೆ ಚೈತು! ಓನರ್ ಆಂಟಿ ಕೇಳಿಸ್ಕೋತಾರೆ."

ದೀಪ ಝಗ್ಗೆಂದಿತು, ನಿರಂಜನನಿಗೆ ಬೆಳಗಿದ್ದಕ್ಕಿಂತ ಜೋರಾಗಿ.

"ಈ ಎಳೆಗೇ ಕೊಡಬಹುದು," ಇಬ್ಬನಿ ತಡೆದು ಹೇಳಿದಳು, "ಆದ್ರೆ ಆ ಭಯಾನೂ ಜೊತೇಲೇ ಉಳಿಯತ್ತೆ."

"ಉಳೀಲಿ. ಆ ಮೀಸೆಯವನಿಗಿಂತ ಓನರ್ ಆಂಟೀನೇ ವಾಸಿ."

ಬಾಯಿ ಮೇಲಿದ್ದ ಕೈಯನ್ನು ಚೈತ್ರಾ ಹಾಗೇ ಹಿಡಿದುಕೊಂಡಳು. ಓನರ್ ಆಂಟಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. 2025ರಲ್ಲಿ ಆಕೆ ಅವರ ಬಾಗಿಲಿಗೆ ಕಿವಿಯಿಟ್ಟದ್ದು ಅರೆಗಳಿಗೆಯಷ್ಟೇ. 2062ರಲ್ಲೂ ಆ ಕಿವಿ ಅಲ್ಲೇ ಇತ್ತು.