ಬದುಕಿರುವ ತನಕದ ಸೂಜಿ

ಶಟರ್ ಅರ್ಧ ಮಾತ್ರ ಮೇಲೇರಿತ್ತು. ಗಂಡ ತಿಂಡಿ ತಿನ್ನದೆ ಅಂಗಡಿಗೆ ಹೊರಟುಬಿಟ್ಟನೆಂದು ಡಬ್ಬಿ ಹಿಡಿದು ಬಂದ ಹೆಂಗಸು ಬಗ್ಗಿ ಒಳಹೊಕ್ಕಳು. ಕಾಲು ಜಾರಿತು. ನೆಲಕ್ಕೆ ಊರಿದ ಅಂಗೈ ಕೆಂಪಾಯಿತು.

ಔಷಧಿ ಅಂಗಡಿಯ ಮಾಲೀಕ ಕೌಂಟರಿನ ಹಿಂದೆ ಕವುಚಿ ಬಿದ್ದಿದ್ದ. ತಲೆಯ ಹಿಂಭಾಗ ಒಡೆದು ಹೋಗಿತ್ತು. ಒಂದೇ ಏಟಲ್ಲ, ಬಿದ್ದ ಮೇಲೂ ಬಾರಿಸಿದ್ದರು. ಶಟರ್ ಎಳೆಯುವ ಕೊಕ್ಕೆಯ ಕಂಬಿ ಪಕ್ಕದಲ್ಲೇ ಇತ್ತು. ಅದರ ತುದಿಗೆ ಕೂದಲು ಅಂಟಿತ್ತು.

ಇನ್ಸ್‌ಪೆಕ್ಟರ್‌ಗೆ ಹೆಣ ಹೊಸದಲ್ಲ. ಆದರೆ ಬಿದ್ದವನನ್ನು ಬಡಿದದ್ದು ಕಂಡರೆ ಅವಳ ಮೈಯೆಲ್ಲ ಉರಿಯುತ್ತದೆ. ಹಲ್ಲು ಕಚ್ಚಿಕೊಂಡು ಸುತ್ತ ನೋಡಿದಳು. ಗೋಡೆಯ ಮೂಲೆಯ ಫ್ರಿಜ್‌ನ ಬಾಗಿಲು ಕಿತ್ತುಬಂದಿತ್ತು. ಒಳಗಿದ್ದ ಸೀಸೆಗಳೆಲ್ಲ ನೆಲದ ಮೇಲೆ ಪುಡಿಪುಡಿ. ಕೌಂಟರಿನ ಡ್ರಾಯರುಗಳು ಮಾತ್ರ ಮುಚ್ಚಿದ ಹಾಗೇ ಇದ್ದವು. ಗಲ್ಲಾಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ.

"ಹೊಟ್ಟೆಯೊಳಗೆ ಭಾರಿ ಸಿಟ್ಟಿತ್ತು ಹೊಡೆದವನಿಗೆ," ಅಂದ ಕಾನ್ಸ್‌ಟೇಬಲ್. ಅವನ ಮುಖದಲ್ಲಿ ಮೀಸೆಯ ಸುಳಿವಿಲ್ಲ. ಹಾಗಾಗಿಯೇ ಠಾಣೆಯಲ್ಲಿ ಅವನ ಹೆಸರು ಮೀಸೆ.

ಬಾಗಿಲ ಬಳಿ ಒಬ್ಬ ಬಿಕ್ಕುತ್ತಿದ್ದ. ಸತ್ತವನ ಬಾಮೈದ. ಅಕ್ಕನ ಮನೆಯಲ್ಲೇ ಇದ್ದುಕೊಂಡು ಅಂಗಡಿಗೆ ಸರಕು ತಂದುಹಾಕುತ್ತಿದ್ದವನು.

"ಆ ವೆಲ್ಡರ್ ಮೇಡಂ. ನಿನ್ನೆ ಎಲ್ಲರೆದುರು ಭಾವನಿಗೆ ತಲೆ ಒಡೀತೀನಿ ಅಂದ. ಇವತ್ತು ಒಡೆದೇ ಬಿಟ್ಟ. ಫ್ರಿಜ್ ಕಿತ್ತು ತನ್ನ ಸೂಜಿಮದ್ದು ಹೊತ್ಕೊಂಡು ಹೋಗಿದಾನೆ."

"ಯಾವ ಮದ್ದು?"

"ಟೆಸ್ಟೋಸ್ಟೆರಾನ್. ಗಂಡಸಿನ ಹಾರ್ಮೋನು. ಮೂರು ವಾರಕ್ಕೊಂದು, ಜೀವ ಇರೋ ತನಕ. ಗೇಟು ಬೆಸೆಯೋನು ಎಲ್ಲಿಂದ ತರ್ತಾನೆ ಅಷ್ಟು ದುಡ್ಡು?"

ಮೀಸೆ ಕಿಸಕ್ಕನೆ ನಕ್ಕ. "ಈ ವಯಸ್ಸಲ್ಲೂ ಚಪಲ ನೋಡಿ ಮೇಡಂ."

ಅವಳು ತಿರುಗಿ ನೋಡಿದಳು. ನಗು ಅಲ್ಲೇ ಒಣಗಿತು.

* * *

ವೆಲ್ಡರ್ ತಪ್ಪಿಸಿಕೊಳ್ಳಲಿಲ್ಲ. ವರ್ಕ್‌ಶಾಪಿನಲ್ಲಿ ಕಬ್ಬಿಣದ ಗೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಅಂಗೈಗೆ ಸುತ್ತಿದ ಬಟ್ಟೆಯಲ್ಲಿ ಹಸಿ ರಕ್ತ. ಅಷ್ಟು ಸಾಕಾಯಿತು ಮೀಸೆಗೆ. ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿ ದವಡೆಗೆ ಎರಡು ಬಿಗಿದ. ವೆಲ್ಡರನ ತುಟಿ ಸೀಳಿತು. ಅಗಲ ಭುಜದ ಆಳು, ಕೈ ಎತ್ತಲಿಲ್ಲ.

"ಸಾಕು ಬಿಡು," ಇನ್ಸ್‌ಪೆಕ್ಟರ್ ಗದರಿದಳು. "ಕೈಗೇನಾಯ್ತು?"

"ತಗಡು ಕೊಯ್ತು. ಹಿಡಿತ ನಿಲ್ತಿಲ್ಲ ಈಗ. ಎರಡು ಸಲದಿಂದ ಮದ್ದು ಹಿಡೀತಿಲ್ಲ. ಇದ್ದಕ್ಕಿದ್ದಂಗೆ ಮೈ ಕುದಿಯುತ್ತೆ, ಬೆವರು ಕಿತ್ಕೊಂಡು ಬರುತ್ತೆ. ಸುತ್ತಿಗೆ ಎತ್ತಿದ್ರೆ ತೋಳು ನಡುಗುತ್ತೆ."

"ಅದಕ್ಕೆ ತಲೆ ಒಡೆದ್ಯಾ?"

"ಒಡೀತೀನಿ ಅಂದೆ. ಕಳ್ಳ, ಮದ್ದಿಲ್ಲದ ಬರೀ ಎಣ್ಣೆ ಮಾರ್ತೀಯಾ ಅಂದೆ. ಬಾಯಿ ನಂದು, ತಪ್ಪೂ ನಂದೇ. ಕೈ ಮಾಡಿಲ್ಲ."

"ಅವರೇನಂದ್ರು?"

"ತಿರುಗಿ ಬೈಲಿಲ್ಲ. ಬೆಳಿಗ್ಗೆ ಬೇಗ ಬಂದು ಇರೋ ಸೀಸೆಯನ್ನೆಲ್ಲ ಬಿಚ್ಚಿ ನೋಡ್ತೀನಿ ಅಂದ್ರು."

ನಂಬಲೋ ಬೇಡವೋ ಅವಳಿಗೆ ತಿಳಿಯಲಿಲ್ಲ. ಲಾಕಪ್ಪಿಗೆ ಹಾಕಿಸಿದಳು.

* * *

ವೆಲ್ಡರನ ಮನೆ ಒಂದೂವರೆ ಕೋಣೆಯದು. ಮೀಸೆ ಹಾಸಿಗೆ ಮಗುಚಿದ, ಪಾತ್ರೆ ಕೆಡವಿದ. ವೆಲ್ಡರನ ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಕದ್ದಿದ್ದು ಎಲ್ಲಮ್ಮಾ?" ಇನ್ಸ್‌ಪೆಕ್ಟರ್ ಕೇಳಿದಳು.

"ಕದ್ದಿದ್ದು ಇಲ್ಲ. ಕೊಂಡಿದ್ದು ಇದೆ." ಬಟ್ಟೆಯ ಬೀರು ತೆಗೆದು, ಹಳೇ ಪಂಚೆಯ ಮಡಿಕೆಯಿಂದ ಒಂದೇ ಒಂದು ಸೀಸೆ ಹೊರತೆಗೆದಳು. "ಮುಂದಿನ ವಾರದ್ದು."

"ಗಂಡನ ಚಪಲಕ್ಕೆ ನೀನೂ ಕಾವಲಾ?" ಮೀಸೆ ಬಾಯಿ ಹಾಕಿದ.

"ತಲೆಯೊಳಗೆ ಗಡ್ಡೆ ಬಂದಿತ್ತು ಸ್ವಾಮಿ. ಅದನ್ನ ತೆಗೆಯೋವಾಗ ಗ್ರಂಥಿಯೊಂದು ಹೋಯ್ತು. ಇದಿಲ್ಲ ಅಂದ್ರೆ ಹಾಸಿಗೆ ಬಿಟ್ಟು ಏಳೋಕಾಗಲ್ಲ ಅವರಿಗೆ. ಏಳದಿದ್ರೆ ನಮ್ಮನೇಲಿ ಒಲೆ ಹತ್ತಲ್ಲ. ಬೇರೆ ಕಡೆ ಹೇಳೋ ಬೆಲೆ ಕೇಳಿದ್ರೆ ಎದೆ ಒಡೆಯುತ್ತೆ. ಸಾಯೋ ತನಕ ಬೇಕಾದ ಮದ್ದಲ್ಲಿ ಲಾಭ ಹಿಡಿಯಬಾರದು ಅಂತ ಆ ಪುಣ್ಯಾತ್ಮರು ಅಸಲಿಗೇ ಕೊಡ್ತಿದ್ರು. ಅವರನ್ನ ಕೊಂದು ನಾವು ಬದುಕೋದು ಹೇಗೆ?"

ಇನ್ಸ್‌ಪೆಕ್ಟರ್ ಸೀಸೆ ಬೆಳಕಿಗೆ ಹಿಡಿದಳು. ಒಳಗೆ ತಿಳಿ ಹಳದಿ ಎಣ್ಣೆ. ಮುಚ್ಚಳದ ತಗಡಿನ ಅಂಚು ಒಂದು ಕಡೆ ಸುಕ್ಕಾಗಿತ್ತು, ಬಿಚ್ಚಿ ಮತ್ತೆ ಒತ್ತಿದ ಹಾಗೆ.

"ಮನೇಲಿ ಫ್ರಿಜ್ ಇಲ್ವಲ್ಲ. ಕೆಡಲ್ವಾ ಇದು?"

"ಇದಕ್ಕೆ ಫ್ರಿಜ್ ಆಗಲ್ಲ ಮೇಡಂ. ತಣ್ಣಗಾದ್ರೆ ಹರಳು ಕಟ್ಟುತ್ತೆ. ಹಾಕಿಸೋ ಮುಂಚೆ ಅಂಗೈಯಲ್ಲಿಟ್ಟು ಬೆಚ್ಚಗೆ ಮಾಡ್ತೀವಿ. ಅಂಗಡಿಯಲ್ಲೂ ಡ್ರಾಯರ್‌ನಿಂದಲೇ ತೆಗೆದು ಕೊಡೋದು. ನಮ್ಮೆದುರೇ ಎಷ್ಟು ಸಲ ತೆಗೆದಿಲ್ಲ."

ಇನ್ಸ್‌ಪೆಕ್ಟರ್ ಸೀಸೆಯನ್ನು ಕರವಸ್ತ್ರದಲ್ಲಿ ಸುತ್ತಿದಳು. ಹೊಸ್ತಿಲು ದಾಟುವಾಗ ಮೀಸೆಯ ಕಿವಿಯಲ್ಲಿ ಅಂದಳು, "ಆ ಪಾತ್ರೆಯೆಲ್ಲ ಎತ್ತಿಟ್ಟು ಬಾ."

* * *

ಸತ್ತವನ ಮನೆಯಲ್ಲಿ ಜನ ತುಂಬಿದ್ದರು. ಬಾಮೈದನನ್ನು ಊಟಕ್ಕೆ ಎಬ್ಬಿಸುತ್ತಿದ್ದರು. ಸಕ್ಕರೆ ಕಾಯಿಲೆಯವನು, ಹಸಿದಿರಬಾರದು ಎಂದು. ಅವನು ಒಳಕೋಣೆಗೆ ಹೋಗಿ ಬಂದು, ಅಂಗಿ ಕೆಳಗೆಳೆದುಕೊಳ್ಳುತ್ತ ಮೇಜಿಗೆ ಕೂತ. ಇನ್ಸ್‌ಪೆಕ್ಟರ್ ಎದುರಿಗೆ ಕೂತಳು.

"ಇನ್ಸುಲಿನ್ನಾ?"

"ಹೌದು ಮೇಡಂ. ನಂದೂ ಬದುಕಿರೋ ತನಕದ ಸೂಜಿನೇ."

"ಫ್ರಿಜ್‌ನಲ್ಲಿಡ್ಬೇಕಲ್ವಾ?"

"ಯಾವ ಸೂಜಿಮದ್ದಾದ್ರೂ ಇಡ್ಲೇಬೇಕು. ಇಲ್ದಿದ್ರೆ ಕೆಟ್ಟೋಗುತ್ತೆ."

"ನಿಮ್ಮದನ್ನ ಎಲ್ಲಿಟ್ಟಿದ್ರಿ?"

"ಇಲ್ಲೇ. ಮನೇಲಿ."

ಮೂಲೆಯಲ್ಲಿ ಮುಖ ಮುಚ್ಚಿ ಕೂತಿದ್ದ ಅಕ್ಕ ತಲೆಯೆತ್ತಿದಳು. "ಮನೆ ಫ್ರಿಜ್ ಕೆಟ್ಟು ಕೂತಿದೆಯಲ್ಲೋ. ನಿನ್ನ ಮದ್ದು ಅಂಗಡೀಲಿತ್ತು."

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಅಂಗಡಿ ಫ್ರಿಜ್‌ನಲ್ಲಿದ್ದ ಒಂದು ಸೀಸೆಯೂ ಉಳಿದಿಲ್ಲ," ಇನ್ಸ್‌ಪೆಕ್ಟರ್ ಅಂದಳು. "ನಿಮ್ಮದೊಂದು ಹೇಗೆ ಉಳೀತು?"

ಅವನು ಮೇಜು ಒದ್ದ. ಬಿಸಿ ಸಾರು ಅವಳ ತೊಡೆಗೆ ಚೆಲ್ಲಿತು. ಅಡ್ಡಬಂದ ಮೀಸೆಯ ಮುಖಕ್ಕೆ ಹಿತ್ತಾಳೆ ಚೊಂಬು ಬೀಸಿದ. ಮೀಸೆ ಎರಡು ಹಲ್ಲು ಉಗುಳಿ ಕುಸಿದ. ಇನ್ಸ್‌ಪೆಕ್ಟರ್ ಸುಟ್ಟ ಕಾಲಲ್ಲೇ ಎದ್ದಳು. ಬೆನ್ನ ಹಿಂದೆ ಅವನ ತೋಳು ತಿರುಚಿದಳು. ಮೂಳೆ ಲಟಕ್ಕೆಂದಿತು. ಅವನ ಕಿರುಚಾಟಕ್ಕೆ ಅವಳಿಗೆ ಒಂದಿಷ್ಟೂ ಮರುಕ ಹುಟ್ಟಲಿಲ್ಲ.

ಒಳಕೋಣೆಯ ಮಂಜುಗಡ್ಡೆಯ ಫ್ಲಾಸ್ಕಿನಲ್ಲಿ ಸೀಸೆ ಸಿಕ್ಕಿತು. ಲೇಬಲ್ಲಿನ ಮೇಲೆ ಕಂದು ಬಣ್ಣದ ಬೆರಳಿನ ಗುರುತು. ರಕ್ತ ಒಣಗಿದ್ದು.

"ವೆಲ್ಡರ್ ಆಗಿದ್ರೆ ಡ್ರಾಯರ್‌ಗೆ ಕೈ ಹಾಕ್ತಿದ್ದ," ಅವಳು ಉಸಿರು ಹಿಡಿದು ಅಂದಳು. "ವರ್ಷಗಳಿಂದ ನೋಡಿದಾನೆ. ಇವನು ಡಬ್ಬ ತಂದುಹಾಕೋನು, ಜೋಡಿಸ್ತಿದ್ದೋರು ಭಾವ. ಸೂಜಿ ಅಂದ್ರೆ ಇವನಿಗೆ ಗೊತ್ತಿದ್ದಿದ್ದು ತನ್ನದೊಂದೇ. ಅದಕ್ಕೇ ಫ್ರಿಜ್ ಒಡೆದು ವೆಲ್ಡರನ ತಲೆಗೆ ಕಟ್ಟಿದ. ಎಲ್ಲ ತುಳಿದು ಪುಡಿ ಮಾಡ್ದೋನಿಗೆ ತನ್ನ ಸೀಸೆ ತುಳಿಯೋಕೆ ಮಾತ್ರ ಕಾಲು ಬರಲಿಲ್ಲ."

"ಯಾಕೋ?" ಅಕ್ಕ ಕೇಳಿದಳು. "ಅನ್ನ ಹಾಕಿದ ಕೈಯಲ್ವೇನೋ ಅದು?"

"ಸೀಸೆಗೆ ಬರೀ ಎಣ್ಣೆ ತುಂಬಿದ್ದು ಗೊತ್ತಾಗಿಹೋಯ್ತು," ಅವನು ನೆಲಕ್ಕೆ ಮುಖವೊತ್ತಿ ಅಂದ. "ಅಸಲಿ ಮದ್ದು ಬೇರೆ ಕಡೆ ಮಾರ್ತಿದ್ದೆ. ಪೊಲೀಸರಿಗೆ ಹೇಳ್ತೀನಿ ಅಂದ್ರು ಭಾವ. ಕೈಮುಗಿದೆ. ಕೇಳ್ಲಿಲ್ಲ."

* * *

ಸಂಜೆ ವೆಲ್ಡರನನ್ನು ಬಿಟ್ಟರು. ತುಟಿ ಊದಿತ್ತು. ಕೆನ್ನೆಗೆ ಹತ್ತಿ ಒತ್ತಿಕೊಂಡ ಮೀಸೆ ತಪ್ಪಾಯಿತು ಎನ್ನಲು ಹೋಗಿ, ಹಲ್ಲಿಲ್ಲದೆ ತೊದಲಿದ. ವೆಲ್ಡರ್ ಅವನತ್ತ ನೋಡಲಿಲ್ಲ.

"ಆ ಅಂಗಡಿ ಮತ್ತೆ ತೆಗೀತಾರಾ ಮೇಡಂ?"

ತಮ್ಮನ ವಿರುದ್ಧ ಹೇಳಿಕೆ ಕೊಟ್ಟು ಮೆಟ್ಟಿಲಿಳಿಯುತ್ತಿದ್ದ ಹೆಂಗಸು ಆ ಮಾತು ಕೇಳಿ ನಿಂತಳು. ವೆಲ್ಡರನತ್ತ ತಿರುಗಿದಳು.

"ನನ್ನ ಗಂಡನನ್ನ ಕಳ್ಳ ಅಂದ್ರಿ ನೀವು. ಅವರು ಕೊನೇ ರಾತ್ರಿ ಅದೇ ಕೊರಗಲ್ಲಿ ಮಲಗಲಿಲ್ಲ. ನಾನು ಮರೆಯಲ್ಲ ಅದನ್ನ."

ಅವನು ತಲೆ ತಗ್ಗಿಸಿದ.

"ಮುಂದಿನ ವಾರ ಬನ್ನಿ. ಅಸಲಿ ಮದ್ದು, ಅಸಲು ಬೆಲೆ. ಅವರು ಕೊಟ್ಟ ಮಾತು ಅವರ ಜೊತೆ ಸಾಯೋಕೆ ನಾನು ಬಿಡಲ್ಲ."