ಇಟ್ಟಿಗೆ ನಿಲ್ಲುವ ಜಾಗ

“ಅಯ್ಯೋ, ನನ್ನ ಕೈ!”

ಕಟ್ಟುತ್ತಿದ್ದ ಗೋಡೆಯ ಪಕ್ಕ, ಎತ್ತರದ ಹಲಗೆಯ ಮೇಲೆ ನಿಂತಿದ್ದ ಅಪ್ಪ ಕೈ ಒದರಿಕೊಂಡ. ಕೈತಪ್ಪಿದ ಇಟ್ಟಿಗೆ ಗೋಡೆಗೆ ಬಡಿದು, ಎರಡು ಹೋಳಾಗಿ ಕೆಳಗೆ ಬಿತ್ತು. ಬೆಳಗಿನಿಂದ ಇದು ಐದನೆಯದು.

“ಏನಮ್ಮಾ ಇದು? ಇನ್ನೊಂದು ಒಡೆದ್ರೆ ನಾಳೆಯಿಂದ ನೀವಿಬ್ರೂ ಬರೋದೇ ಬೇಡ. ಬೇರೆಯವರನ್ನ ಕರೀತೀನಿ,” ಎಂದು ಮೇಸ್ತ್ರಿ ಗುಡುಗಿ ಹೋದ.

ಅಮ್ಮನ ಮುಖ ಸಪ್ಪಗಾಯಿತು. ಕೆಳಗಿನಿಂದ ಅಮ್ಮ ಎಸೆಯುವುದು, ಮೇಲೆ ಅಪ್ಪ ಹಿಡಿಯುವುದು. ಮದುವೆಯಾದಾಗಿನಿಂದ ಇವರದು ಇದೇ ಕೆಲಸ. ಇವತ್ತು ಯಾರ ಕಣ್ಣು ಬಿತ್ತೋ!

ಎಲ್ಲದಕ್ಕೂ “ಯಾಕೆ?” ಎನ್ನುವ ಮಗಳಿಗೆ ಮನೆಯಲ್ಲಿ ಯಾಕಮ್ಮ ಎಂದೇ ಹೆಸರು. ಸ್ಕೂಲಿಗೆ ರಜಾ ಎಂದು ಎರಡು ದಿನದಿಂದ ಜೊತೆಗೆ ಬರುತ್ತಿದ್ದ ಅವಳಿಗೂ ಭಯವಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ!

“ಅಮ್ಮಾ, ನಿನ್ನೆ ಇಟ್ಟಿಗೆ ಅಪ್ಪನ ಕೈ ಹತ್ರ ಹೋಗಿ ಒಂಚೂರು ನಿಂತ್ಕೊಳ್ತಿತ್ತು. ಅಪ್ಪ ಆರಾಮಾಗಿ ಎತ್ಕೊಳ್ತಿದ್ದ. ಇವತ್ತು ಯಾಕೆ ನಿಲ್ತಿಲ್ಲ?”

“ನಾನು ನಿಲ್ಲೋ ಜಾಗದಲ್ಲಿ ಲಾರಿಯವನು ಮರಳು ಸುರಿದಿದ್ದಾನೆ. ಗೋಡೆ ಹತ್ರಾನೇ ನಿಂತು ಎಸೀಬೇಕು. ಕೈಗೆ ಹಳೇ ದೂರದ್ದೇ ರೂಢಿ. ತಲೆ ತಿನ್ಬೇಡ, ಹೋಗೇ!”

ಯಾಕಮ್ಮ ಹೋದಳು. ಆ ಕಡೆ ನೆಟ್ಟಿದ್ದ ಒಂದು ಕಂಬದ ಮುಂದೆ ನಿಂತು, ಅಮ್ಮನ ಹಾಗೆಯೇ ಸಣ್ಣ ಕಲ್ಲೊಂದನ್ನು ಎಸೆದಳು. ನಾಲ್ಕು ಹೆಜ್ಜೆ ದೂರದಿಂದ ಎಸೆದರೆ ಕಲ್ಲು ಏರಿ, ನಿಧಾನವಾಗಿ, ಸರಿಯಾಗಿ ಕಂಬದ ತುದಿಯ ಹತ್ತಿರ ಒಂದು ಗಳಿಗೆ ನಿಂತಂತೆ ಕಂಡು ಇಳಿಯಿತು. ಎರಡೇ ಹೆಜ್ಜೆ ದೂರದಿಂದ ಅದೇ ಥರ ಎಸೆದರೆ? ಕಲ್ಲು ಇನ್ನೂ ಏರುತ್ತಿರುವಾಗಲೇ ಕಂಬವನ್ನು ದಾಟಿತು. ಅದು ನಿಂತದ್ದು ಕಂಬದ ಆಚೆ!

ಅವಳು ಅಲ್ಲೇ ನಿಂತು, ಮುಂದಕ್ಕೆ ತಳ್ಳುವುದನ್ನು ಕಡಿಮೆ ಮಾಡಿದಳು. ಮೇಲಕ್ಕೆ ಮಾತ್ರ ಅಷ್ಟೇ ಜೋರು. ಕಲ್ಲು ಅಷ್ಟೇ ಎತ್ತರ ಏರಿ, ಕಂಬದ ತುದಿಯ ಹತ್ತಿರವೇ ನಿಂತಂತೆ ಕಂಡಿತು.

ಅರೆ! ಮೇಲೆ ಹೋಗುವುದೇ ಬೇರೆ, ಮುಂದೆ ಹೋಗುವುದೇ ಬೇರೆ. ಎರಡೂ ಒಂದೇ ಕಲ್ಲಿನಲ್ಲಿದ್ದರೂ ಒಂದರ ಗೊಡವೆ ಇನ್ನೊಂದಕ್ಕಿಲ್ಲ.

ಯಾಕಮ್ಮ ಏದುಸಿರು ಬಿಡುತ್ತ ಓಡಿಬಂದಳು. “ಅಮ್ಮಾ, ಎತ್ತರ ಅಷ್ಟೇ ಇರ್ಲಿ. ಮುಂದಕ್ಕೆ ಮಾತ್ರ ಕಮ್ಮಿ ಮಾಡು!”

“ಇಷ್ಟು ವರ್ಷ ಎಸೆದೋಳು ನಾನು, ಪಾಠ ಹೇಳೋಳು ನೀನು!”

“ಒಂದ್ಸಲ ನೋಡೇ, ಹೋಗೋದೇನಿದೆ?” ಎಂದ ಮೇಲಿನಿಂದ ಅಪ್ಪ.

“ಹೋಗೋದು ಕೆಲ್ಸ!” ಎಂದಳು ಅಮ್ಮ. ಆದರೂ ಇಟ್ಟಿಗೆ ಎತ್ತಿಕೊಂಡು ಎಸೆದಳು.

ಇಟ್ಟಿಗೆ ಏರಿತು. ಅಪ್ಪನ ಎದೆಯ ಮುಂದೆ ನಿಂತಿತು. ಅಪ್ಪ ಅದನ್ನು ಮೆಲ್ಲಗೆ ತೆಗೆದುಕೊಂಡು ನಕ್ಕ.

“ಶಹಭಾಸ್ ಕಣೇ!” ಎಂದು ಅಮ್ಮ ಮಗಳ ಬೆನ್ನು ತಟ್ಟಿದಳು. ಯಾಕಮ್ಮನಿಗೆ ಹಿಗ್ಗೋ ಹಿಗ್ಗು. ಮತ್ತೊಂದು ಇಟ್ಟಿಗೆ, ಇನ್ನೊಂದು. ಯಾವುದೂ ಒಡೆಯಲಿಲ್ಲ. ಮೇಸ್ತ್ರಿ ಬಂದು ನೋಡಿ, ತಲೆಯಾಡಿಸಿ ಹೋದ.

ಅಷ್ಟರಲ್ಲಿ ಅಪ್ಪ ಹಲಗೆಯ ಮೇಲೆ ಎರಡು ಹೆಜ್ಜೆ ಎಡಕ್ಕೆ ಸರಿದ. ಈಗ ಹೇಗೆ ಎಸೆಯಬೇಕೆಂದು ಹೇಳಲು ಯಾಕಮ್ಮ ಬಾಯಿ ತೆರೆದಳು. ಅಷ್ಟರೊಳಗೆ ಇಟ್ಟಿಗೆ ಅಮ್ಮನ ಕೈಬಿಟ್ಟಾಗಿತ್ತು. ಅಪ್ಪ ಸರಿದಷ್ಟೇ ಅದೂ ಸರಿದು, ಅವನ ಕೈಯೆದುರೇ ನಿಂತಿತು.

ಅಮ್ಮ ಹೆಜ್ಜೆ ಎಣಿಸಿರಲಿಲ್ಲ, ಯಾರನ್ನೂ ಕೇಳಿರಲಿಲ್ಲ. ಯಾಕಮ್ಮ ತೆರೆದ ಬಾಯನ್ನು ಮುಚ್ಚಿಕೊಂಡು, ಅಮ್ಮನ ಕೈಯನ್ನೇ ನೋಡುತ್ತ ಅಲ್ಲೇ ಕುಳಿತಳು.